ನಿದ್ರೆಯಿಂದ ಎದ್ದವನ ಸಾಕ್ಷ್ಯ: ಮೈಸೂರು ಸೀಮೆಯಲ್ಲಿ ಅವಸ್ಥಾತ್ರಯ ವಿಚಾರ

ಸುತ್ತೂರು ಶ್ರೀಮಠದ ಗುರುಪರಂಪರೆಯ ಆದಿಯಲ್ಲಿ ನಿಂತ ಮಹನೀಯರ ಅಭಿಧಾನ ಶಿವರಾತ್ರೀಶ್ವರ ಶಿವಯೋಗಿಗಳೆಂಬುದು ಭಕ್ತರೆಲ್ಲರಿಗೂ ವಿದಿತವಾದ ಸಂಗತಿ. ಆ ಪೀಠವನ್ನು ಅಲಂಕರಿಸಿದ ಪೂಜ್ಯರ ನಾಮಧೇಯಗಳಲ್ಲಿ ‘ಶಿವರಾತ್ರಿ’ ಎಂಬ ಪದವು ಇಂದಿಗೂ ಉಳಿದು ಬಂದಿದೆ. ಶಿವರಾತ್ರಿಯೆಂದರೆ ಜಾಗರಣೆಯ ರಾತ್ರಿ. ಲೋಕವು ಮಲಗಿರುವಾಗ ಎಚ್ಚತ್ತಿರುವ ವ್ರತ. ಇಂತಹ ಹೆಸರಿನ ಪೀಠದ ನೆರಳಿನಲ್ಲಿ ಬೆಳೆದವರು ನಿದ್ರೆಯನ್ನು ಕುರಿತು ವಿಚಾರ ಮಾಡುವುದು ಮೊದಲ ನೋಟಕ್ಕೆ ವಿಚಿತ್ರವೆನಿಸಬಹುದು. ಆದರೆ ಎಚ್ಚರವೆಂದರೇನು ಎಂಬ ಪ್ರಶ್ನೆಯು ನಿದ್ರೆಯೆಂದರೇನು ಎಂಬ ಪ್ರಶ್ನೆಯನ್ನು ಬಿಟ್ಟು ನಿಲ್ಲಲಾರದು.

ಕಪಿಲಾ ತೀರದಲ್ಲಿ ಆದಿಗುರುಗಳು ಧ್ಯಾನಮಗ್ನರಾಗಿ ಕುಳಿತಿದ್ದರೆಂದೂ, ಹಗೆಗೊಂಡು ಬಂದ ಚೋಳ ಗಂಗ ಅರಸರ ನಡುವೆ ಅವರ ಸನ್ನಿಧಿಯಲ್ಲಿ ಶಾಂತಿಯುಂಟಾಯಿತೆಂದೂ ಶ್ರೀಮಠದ ಐತಿಹ್ಯವು ಹೇಳುತ್ತದೆ. ಅದಿರಲಿ. ಕಣ್ಣು ಮುಚ್ಚಿ ನಿಶ್ಚಲನಾಗಿ ಕುಳಿತವನೊಬ್ಬನನ್ನು ಹೊರಗಿನಿಂದ ನೋಡಿದವನಿಗೆ, ಆತನು ಧ್ಯಾನದಲ್ಲಿರುವನೋ, ಕನಸು ಕಾಣುತ್ತಿರುವನೋ, ಕನಸೂ ಇಲ್ಲದ ನಿದ್ರೆಯಲ್ಲಿರುವನೋ ಎಂಬುದು ತಿಳಿಯುವ ಬಗೆ ಯಾವುದು? ಎದ್ದ ಮೇಲೆ ಅವನನ್ನೇ ಕೇಳಬೇಕು. ನಿದ್ರೆಯ ಶಾಸ್ತ್ರದ ಇತಿಹಾಸವೆಲ್ಲ, ಹಾಗೆ ಎದ್ದವನಿಗೆ ಯಾವ ಪ್ರಶ್ನೆಯನ್ನು ಹಾಕಿದರು, ಅವನ ಉತ್ತರಕ್ಕೆ ಎಷ್ಟು ಬೆಲೆ ಕೊಟ್ಟರು ಎಂಬುದರ ಇತಿಹಾಸವೆಂದು ನಮ್ಮ ಅಭಿಪ್ರಾಯ. ಆ ಇತಿಹಾಸದ ಒಂದು ಮುಖ್ಯ ಅಧ್ಯಾಯವು ನಮ್ಮ ಮೈಸೂರು ಸೀಮೆಯಲ್ಲಿಯೇ ನಡೆದುಹೋಯಿತು. ಅದನ್ನು ಬಲ್ಲವರು ವಿರಳರಾದುದರಿಂದ ಇಲ್ಲಿ ಸ್ವಲ್ಪ ವಿಸ್ತಾರವಾಗಿ ನಿರೂಪಿಸಲಾಗಿದೆ.

ಮಲಗಿದವನನ್ನು ಎಬ್ಬಿಸಿ ವಿಚಾರ ಮಾಡಿದ ಅತ್ಯಂತ ಪ್ರಾಚೀನ ಪ್ರಸಂಗವು ಬೃಹದಾರಣ್ಯಕೋಪನಿಷತ್ತಿನಲ್ಲಿದೆ. ವಿದ್ಯಾಗರ್ವದಿಂದ ಬಂದ ಬಾಲಾಕಿಯನ್ನು ಕಾಶಿಯ ಅರಸನಾದ ಅಜಾತಶತ್ರುವು ಕೈಹಿಡಿದು ನಿದ್ರಿಸುತ್ತಿದ್ದ ಒಬ್ಬ ಮನುಷ್ಯನ ಬಳಿಗೆ ಕರೆದೊಯ್ದನು. ದೊಡ್ಡ ದೊಡ್ಡ ಹೆಸರುಗಳಿಂದ ಕೂಗಿದರೂ ಆ ಮನುಷ್ಯನು ಏಳಲಿಲ್ಲ. ಕೈಯಿಂದ ಅಲುಗಿಸಿದಾಗ ಎದ್ದನು. ಆಗ ಅರಸನು, ಇವನು ಮಲಗಿದ್ದಾಗ ಎಲ್ಲಿದ್ದನು, ಈಗ ಎಲ್ಲಿಂದ ಬಂದನು ಎಂದು ಬ್ರಾಹ್ಮಣನನ್ನು ಕೇಳಿದನು. ಬಾಲಾಕಿಗೆ ಉತ್ತರ ತೋಚಲಿಲ್ಲ. ಒಂದು ಸೂಕ್ಷ್ಮವನ್ನು ಓದುಗರು ಗಮನಿಸಬೇಕು: ಅರಸನು ಪ್ರಶ್ನೆ ಹಾಕಿದ್ದು ಪಂಡಿತನಿಗೆ, ಎದ್ದು ಕುಳಿತ ಆ ಸಾಮಾನ್ಯ ಮನುಷ್ಯನನ್ನು ಯಾರೂ ಏನೂ ಕೇಳಲಿಲ್ಲ.

ಅವನನ್ನು ಕೇಳಿದವರು ಮುಂದಿನ ದಾರ್ಶನಿಕರು. ಗಾಢನಿದ್ರೆಯಿಂದ ಎದ್ದ ಯಾರೇ ಆಗಲಿ, ಸುಖವಾಗಿ ಮಲಗಿದ್ದೆ, ಏನೂ ತಿಳಿಯಲಿಲ್ಲ ಎನ್ನುತ್ತಾನೆ. ಅರಸನೂ ಹೀಗೆಯೇ ಹೇಳುತ್ತಾನೆ, ಕೂಲಿಯಾಳೂ ಹೀಗೆಯೇ ಹೇಳುತ್ತಾನೆ. ಈ ಸಣ್ಣ ಮಾತಿನ ಸುತ್ತ ಶತಮಾನಗಳ ವಾದವು ಬೆಳೆಯಿತು. ಏನೂ ತಿಳಿಯಲಿಲ್ಲವೆಂಬುದು ಎದ್ದ ಮೇಲೆ ಮಾಡಿಕೊಂಡ ಊಹೆಯೆಂದು ನೈಯಾಯಿಕರು ವಾದಿಸಿದರು. ನಡುವಿನ ಹೊತ್ತು ಸ್ಮರಣೆಗೆ ಬಾರದಿರುವುದರಿಂದ ಆಗ ಜ್ಞಾನವಿರಲಿಲ್ಲವೆಂದು ಅನುಮಾನಿಸುತ್ತೇವೆ, ಅಷ್ಟೆ. ವೇದಾಂತಿಗಳು ಒಪ್ಪಲಿಲ್ಲ. ಅನುಭವಿಸದೆ ಇದ್ದುದರ ಸ್ಮರಣೆಯಿಲ್ಲ; ಸುಖವೂ ಅಜ್ಞಾನವೂ ಆ ಹೊತ್ತಿನಲ್ಲಿಯೇ ಯಾವುದೋ ಒಂದು ಸಾಕ್ಷಿಗೆ ಗೋಚರವಾಗಿದ್ದುದರಿಂದಲೇ ಎದ್ದ ಮೇಲೆ ಅದನ್ನು ಹೇಳಲಾಗುತ್ತದೆ ಎಂದರು. ಯೋಗಶಾಸ್ತ್ರದ ನಿಲುವು ಮತ್ತೊಂದು ಬಗೆ. ಪತಂಜಲಿಯು ನಿದ್ರೆಯನ್ನು ಚಿತ್ತದ ವೃತ್ತಿಗಳಲ್ಲಿ ಒಂದೆಂದು ಎಣಿಸಿದ್ದಾನೆ. ಎಂದರೆ ಅಲ್ಲಿ ಚಿತ್ತವು ಅಡಗಿಲ್ಲ, ಇಲ್ಲವೆಂಬುದನ್ನೇ ಹಿಡಿದು ನಿಂತಿದೆ.

ಶೈವಾಗಮಗಳು ಜಾಗ್ರತ್, ಸ್ವಪ್ನ, ಸುಷುಪ್ತಿಗಳ ಮೇಲೆ ತುರ್ಯ, ತುರ್ಯಾತೀತಗಳನ್ನು ಸೇರಿಸಿ ಐದು ಅವಸ್ಥೆಗಳನ್ನು ಹೇಳಿದವು. ಮಲತ್ರಯದಲ್ಲಿ ಮೊದಲನೆಯದಾದ ಆಣವಮಲವು ನಿದ್ರೆಯಲ್ಲಿಯೂ ಜೀವನನ್ನು ಬಿಡದು ಎಂಬುದು ಅವುಗಳ ಮತ. ನಮ್ಮ ಸೀಮೆಯವರೇ ಆದ ನಿಜಗುಣ ಶಿವಯೋಗಿಗಳು, ಇಂದಿನ ಚಾಮರಾಜನಗರ ಜಿಲ್ಲೆಗೆ ಸೇರಿದ ಶಂಭುಲಿಂಗನ ಬೆಟ್ಟದಲ್ಲಿ ತಪಸ್ಸು ಮಾಡಿದವರು, ಈ ವಿಷಯವನ್ನು ಕನ್ನಡದಲ್ಲಿ ತಂದುಕೊಟ್ಟರು. ಅವರು ‘ವಿವೇಕಚಿಂತಾಮಣಿ’ಯನ್ನು ಗದ್ಯದಲ್ಲಿ ಬರೆದುದು ದೊಡ್ಡ ಉಪಕಾರ, ಸಂಸ್ಕೃತವನ್ನರಿಯದ ಸಾಧಕನೂ ಶಾಸ್ತ್ರದ ಪರಿಭಾಷೆಯನ್ನು ತನ್ನ ನುಡಿಯಲ್ಲಿ ಕಲಿಯುವಂತಾಯಿತು. ಅವರಿಗಿಂತ ಮೂರು ಶತಮಾನಗಳ ಹಿಂದೆ ಅಕ್ಕಮಹಾದೇವಿಯು ತಾನು ಕಂಡ ಕನಸನ್ನು ಸಖಿಗೆ ಹೇಳುವ ರೀತಿಯ ವಚನವು ಮನೆಮನೆಗಳಲ್ಲಿ ಹಾಡಾಗಿ ಉಳಿದಿದೆ. ಶರಣರು ಕನಸನ್ನು ಮಿಥ್ಯೆಯೆಂದು ತಳ್ಳಿಹಾಕದೆ ಹೇಳಿಕೊಳ್ಳತಕ್ಕ ಅನುಭವವೆಂದು ಬಗೆದರೆಂಬುದಕ್ಕೆ ಇದು ಸಾಕು.

ಇನ್ನು ಆಧುನಿಕ ಕಾಲಕ್ಕೆ ಬರೋಣ. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ಅದೇ ವರ್ಷ ಕಲ್ಕತ್ತೆಯಲ್ಲಿ ಭಾರತದ ಮೊದಲ ಮನಶ್ಶಾಸ್ತ್ರ ವಿಭಾಗವು ಪ್ರಾರಂಭವಾಗಿತ್ತು. ಅದಕ್ಕೆ ಮೊದಲೇ, 1905ರಲ್ಲಿ, ಆ ಶಾಸ್ತ್ರದ ಪಠ್ಯಕ್ರಮವನ್ನು ಸಿದ್ಧಪಡಿಸಿದ್ದವರು ಬ್ರಜೇಂದ್ರನಾಥ ಸೀಲರು. ಆ ಸೀಲರೇ 1921ರಲ್ಲಿ ಮೈಸೂರಿಗೆ ಉಪಕುಲಪತಿಗಳಾಗಿ ಬಂದರು. ಅವರ ಕಾಲದಲ್ಲಿ, 1924ರಲ್ಲಿ, ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗವು ತೆರೆಯಿತು; ದೇಶದಲ್ಲಿ ಅದು ಎರಡನೆಯದು. ಅದರ ಮುಖ್ಯಸ್ಥರು ಲಂಡನ್ನಿನಲ್ಲಿ ಸ್ಪಿಯರ್‌ಮನ್ನರ ಬಳಿ ಅಭ್ಯಾಸ ಮಾಡಿ ಬಂದಿದ್ದ ಎಂ. ವಿ. ಗೋಪಾಲಸ್ವಾಮಿಯವರು. ಜನರು ಅವರನ್ನು ಸ್ಮರಿಸುವುದು ಬೇರೊಂದು ಕಾರಣಕ್ಕೆ: 1935ರ ಸೆಪ್ಟೆಂಬರಿನಲ್ಲಿ ತಮ್ಮ ಮನೆಯಾದ ವಿಠಲ ವಿಹಾರದಿಂದ ರೇಡಿಯೋ ಪ್ರಸಾರವನ್ನು ಆರಂಭಿಸಿದವರು ಇವರೇ, ‘ಆಕಾಶವಾಣಿ’ ಎಂಬ ಹೆಸರು ಮೊದಲು ಮೊಳಗಿದ್ದು ಅಲ್ಲಿಂದಲೇ. ಆಕಾಶವಾಣಿಯ ಕೀರ್ತಿಯ ಎದುರು ಅವರ ಮನಶ್ಶಾಸ್ತ್ರವು ಮರೆಗೆ ಸರಿದದ್ದು ನ್ಯಾಯವಲ್ಲ.

ಆ ಪ್ರಯೋಗಾಲಯದ ಉಪಕರಣಗಳು ಏನನ್ನು ಅಳೆಯಬಲ್ಲವಾಗಿದ್ದವು? ಪ್ರತಿಕ್ರಿಯೆಗೆ ಹಿಡಿಯುವ ಕಾಲ, ಸ್ಮರಣಶಕ್ತಿ, ಕೈಚಳಕ, ಬುದ್ಧಿಯ ಮಟ್ಟ. ಇವೆಲ್ಲವೂ ಎಚ್ಚತ್ತ ಮನುಷ್ಯನ ವ್ಯಾಪಾರಗಳು. ಮಲಗಿದವನ ಮುಂದೆ ಆ ಕಾಲದ ಪ್ರಯೋಗಶಾಸ್ತ್ರವು ಬಾಲಾಕಿಯಂತೆಯೇ ಮೌನವಾಗಿತ್ತು. ಕನಸಿಗೆ ಫ್ರಾಯ್ಡನ ವ್ಯಾಖ್ಯಾನವು 1900ರಿಂದ ಪ್ರಚಾರದಲ್ಲಿತ್ತು, ನಿಜ. ಕಲ್ಕತ್ತೆಯಲ್ಲಿ ಗಿರೀಂದ್ರಶೇಖರ ಬೋಸರು 1922ರಲ್ಲಿ ಮನೋವಿಶ್ಲೇಷಣ ಸಂಘವನ್ನು ಕಟ್ಟಿ, ಮುಂದೆ ಬಂಗಾಳಿಯಲ್ಲಿ ‘ಸ್ವಪ್ನ’ವೆಂಬ ಗ್ರಂಥವನ್ನೂ ಬರೆದರು. ಆದರೆ ಕನಸಿಲ್ಲದ ನಿದ್ರೆಯ ಬಗ್ಗೆ ಅವರಲ್ಲಿ ಯಾರಿಗೂ ಆಸಕ್ತಿಯಿರಲಿಲ್ಲ. ಏನೂ ಇಲ್ಲದ ಕಡೆ ಹುಡುಕುವುದೇನನ್ನು? ಮೈಸೂರಿನಲ್ಲಿ ವಿಭಾಗವು ತೆರೆದ ಅದೇ 1924ರಲ್ಲಿ ಜರ್ಮನಿಯ ಯೇನಾ ನಗರದಲ್ಲಿ ಹಾನ್ಸ್ ಬರ್ಗರನು ಮನುಷ್ಯನ ಮಿದುಳಿನ ವಿದ್ಯುತ್ ತರಂಗಗಳನ್ನು ಮೊದಲ ಬಾರಿಗೆ ದಾಖಲಿಸಿದನು. ಐದು ವರ್ಷ ಅದನ್ನು ಪರೀಕ್ಷಿಸುತ್ತಲೇ ಇದ್ದು 1929ರಲ್ಲಿ ಪ್ರಕಟಿಸಿದನು.

ಆ 1929ನೆಯ ವರ್ಷವೇ ನಮ್ಮ ಕಥೆಯಲ್ಲಿ ಮುಖ್ಯವಾದುದು. ಮೈಸೂರು ಸಂಸ್ಥಾನದಲ್ಲಿ ಆ ವರ್ಷ ‘ಮೂಲಾವಿದ್ಯಾನಿರಾಸ’ವೆಂಬ ಸಂಸ್ಕೃತ ಗ್ರಂಥವು ಹೊರಬಂದು ಪಂಡಿತ ಮಂಡಲಿಯಲ್ಲಿ ಕೋಲಾಹಲವನ್ನೆಬ್ಬಿಸಿತು. ಬರೆದವರು ಯಲ್ಲಂಬಳಸೆ ಸುಬ್ಬರಾಯಶರ್ಮರು. 1920ರಲ್ಲಿ ಅಧ್ಯಾತ್ಮ ಪ್ರಕಾಶ ಕಾರ್ಯಾಲಯವನ್ನು ಸ್ಥಾಪಿಸಿದವರು, 1937ರಲ್ಲಿ ಅದನ್ನು ಹೊಳೆನರಸೀಪುರಕ್ಕೆ ತಂದವರು, 1948ರಲ್ಲಿ ಸಂನ್ಯಾಸ ಸ್ವೀಕರಿಸಿ ಸಚ್ಚಿದಾನಂದೇಂದ್ರ ಸರಸ್ವತಿಗಳೆಂದು ಪ್ರಸಿದ್ಧರಾದವರು. ಶಾಂಕರ ಸಂಪ್ರದಾಯದ ಒಳಗಿನ ಜಗಳ ನಮಗೇಕೆ ಎಂದು ವೀರಶೈವ ಓದುಗರು ಕೇಳಬಹುದು. ಆದರೆ ಜಗಳದ ವಸ್ತು ಗಾಢನಿದ್ರೆ; ಅದು ಯಾವ ಮತದ ಸ್ವತ್ತೂ ಅಲ್ಲ.

ಶಂಕರರ ತರುವಾಯ ಬಂದ ಅದ್ವೈತ ವ್ಯಾಖ್ಯಾನಕಾರರಲ್ಲಿ ಅನೇಕರು, ಏನೂ ತಿಳಿಯಲಿಲ್ಲವೆಂಬ ಎದ್ದವನ ಮಾತನ್ನೇ ಆಧಾರವಾಗಿ ಹಿಡಿದು, ಸುಷುಪ್ತಿಯಲ್ಲಿ ಭಾವರೂಪವಾದ ಒಂದು ಅವಿದ್ಯೆಯು ನಿಜವಾಗಿಯೂ ಇರುತ್ತದೆ, ಅದೇ ಜಗತ್ತಿಗೆ ಬೀಜ ಎಂದು ಪ್ರತಿಪಾದಿಸಿದ್ದರು. ಸುಬ್ಬರಾಯಶರ್ಮರು ಇದು ಭಾಷ್ಯಕಾರರ ಮತವೇ ಅಲ್ಲವೆಂದರು. ಅವಿದ್ಯೆಯೆಂದರೆ ಒಂದನ್ನು ಇನ್ನೊಂದೆಂದು ಭ್ರಮಿಸುವುದು. ಭ್ರಮಿಸಲು ಮನಸ್ಸು ಬೇಕು. ಸುಷುಪ್ತಿಯಲ್ಲಿ ಮನಸ್ಸೇ ಇಲ್ಲವಾದ ಮೇಲೆ ಅವಿದ್ಯೆಯೆಲ್ಲಿಯದು? ಹಾಗಿದ್ದರೆ ಮಲಗಿದವರೆಲ್ಲ ಮುಕ್ತರೇ, ಮತ್ತೆ ಸಂಸಾರಕ್ಕೆ ಏಳುವುದೇಕೆ ಎಂದು ಪ್ರತಿಪಕ್ಷದ ವಿದ್ವಾಂಸರು ಕೇಳಿದರು. ಗಟ್ಟಿಯಾದ ಪ್ರಶ್ನೆ. ಶರ್ಮರ ಪಕ್ಷದ ಸಮಾಧಾನವೂ ಗಟ್ಟಿಯಾದುದೇ: ಈ ಪ್ರಶ್ನೆಯನ್ನು ಹಾಕುತ್ತಿರುವವನು ಎಚ್ಚರದಲ್ಲಿ ನಿಂತು ನಿದ್ರೆಯನ್ನು ಕಾಲದ ಒಂದು ತುಂಡಿನಂತೆ ನೋಡುತ್ತಿದ್ದಾನೆ, ಮಲಗುವುದು, ಏಳುವುದು, ನಡುವೆ ಏಳು ಗಂಟೆ ಕಳೆಯುವುದು ಇವೆಲ್ಲ ಎಚ್ಚರದ ಲೆಕ್ಕ. ನಿದ್ರೆಯನ್ನು ನಿದ್ರೆಯ ನೆಲೆಯಿಂದಲೇ ಪರಿಶೀಲಿಸಬೇಕೇ ಹೊರತು ಎಚ್ಚರದ ಗಡಿಯಾರದಿಂದಲ್ಲ.

ಈ ಕಡೆಯ ಮಾತನ್ನು ಇಂಗ್ಲಿಷಿನಲ್ಲಿ ಲೋಕಕ್ಕೆ ತಿಳಿಸಿದವರು ಶರ್ಮರಿಗೆ ಮಾರ್ಗದರ್ಶಕರಾಗಿದ್ದ ಕೆ. ಎ. ಕೃಷ್ಣಸ್ವಾಮಿ ಅಯ್ಯರು. 1930ರಲ್ಲಿ ಅವರ ಗ್ರಂಥವು ರಾಧಾಕೃಷ್ಣನ್ನರ ಮುನ್ನುಡಿಯೊಂದಿಗೆ ಪ್ರಕಟವಾಯಿತು. ಪಾಶ್ಚಾತ್ಯ ತತ್ತ್ವಶಾಸ್ತ್ರವು ಎಚ್ಚರವೊಂದನ್ನೇ ಪ್ರಮಾಣವೆಂದು ಹಿಡಿದು ಮನುಷ್ಯಾನುಭವದ ಉಳಿದ ಎರಡು ಪಾಲನ್ನು ಬಿಟ್ಟಿತೆಂಬುದು ಅವರ ಆಕ್ಷೇಪ. ಮೈಸೂರು ನಗರದಲ್ಲಿ ಇದೇ ವಿಚಾರವನ್ನು ಬೋಧಿಸುತ್ತಿದ್ದವರು ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರರಾಗಿದ್ದ ವಿ. ಸುಬ್ರಹ್ಮಣ್ಯ ಅಯ್ಯರು. ನಾಲ್ವಡಿ ಕೃಷ್ಣರಾಜ ಒಡೆಯರೂ, ರಾಮಕೃಷ್ಣಾಶ್ರಮದ ಸಂನ್ಯಾಸಿಗಳೂ, ಪರದೇಶದಿಂದ ಬಂದ ಪಾಲ್ ಬ್ರಂಟನ್ನನೂ ಅವರಿಂದ ವೇದಾಂತವನ್ನು ಕೇಳಿದವರು. 1936ರಲ್ಲಿ ಸ್ವಾಮಿ ನಿಖಿಲಾನಂದರ ಮಾಂಡೂಕ್ಯದ ಇಂಗ್ಲಿಷ್ ಅನುವಾದವು ಮೈಸೂರಿನ ಆಶ್ರಮದಿಂದಲೇ ಪ್ರಕಟವಾಯಿತು; ಅದಕ್ಕೆ ಮುನ್ನುಡಿ ಬರೆದವರೂ ಸುಬ್ರಹ್ಮಣ್ಯ ಅಯ್ಯರೇ.

ಹೀಗೆ ಒಂದೇ ಸಂಸ್ಥಾನದಲ್ಲಿ, ಒಂದೇ ದಶಕದಲ್ಲಿ, ಒಂದು ಕಡೆ ಮನಸ್ಸನ್ನು ಅಳೆಯುವ ಪ್ರಯೋಗಾಲಯ, ಇನ್ನೊಂದು ಕಡೆ ಮನಸ್ಸು ಅಡಗಿದ ಸ್ಥಿತಿಯನ್ನು ವಿಚಾರಿಸುವ ವಿದ್ವದ್ಗೋಷ್ಠಿ. ಇಬ್ಬರೂ ಒಂದೇ ವಿಶ್ವವಿದ್ಯಾನಿಲಯದ ಅನ್ನವನ್ನು ಉಂಡವರು. ಆದರೂ ಅವರ ಪ್ರಶ್ನೆಗಳು ಒಂದಾಗಲಿಲ್ಲ. ಪ್ರಯೋಗಾಲಯದವರಿಗೆ ಸುಷುಪ್ತಿಯು ಅಳತೆಗೆ ಸಿಕ್ಕದ ವಸ್ತು. ವೇದಾಂತಿಗಳಿಗೆ ಅಳತೆಯೇ ಎಚ್ಚರದ ಮೋಹ. ಮಹಾರಾಜಾ ಕಾಲೇಜಿನ ಕಂಬಗಳ ನಡುವೆ ಈ ಎರಡು ಬಗೆಯ ಪಂಡಿತರು ಎದುರುಬದುರಾಗಿ ಹಾದುಹೋದ ದಿನಗಳನ್ನು ನೆನೆದರೆ, ಒಂದು ದೊಡ್ಡ ಅವಕಾಶ ಕೈತಪ್ಪಿತಲ್ಲ ಎಂಬ ವ್ಯಥೆಯುಂಟಾಗುತ್ತದೆ. ಇವರ ಸೂಕ್ಷ್ಮ ಪ್ರಶ್ನೆಯೂ ಅವರ ಶಿಸ್ತಿನ ಪರೀಕ್ಷೆಯೂ ಕೂಡಿದ್ದರೆ, ಮುಂದೆ ಪರದೇಶಗಳಲ್ಲಿ ನಡೆದ ಕಾರ್ಯದ ಒಂದು ಭಾಗವಾದರೂ ಇಲ್ಲಿಯೇ ಮೊದಲಾಗಬಹುದಿತ್ತು.

ಶೈವನಾದವನಿಗೆ ಈ ವಾದದಲ್ಲಿ ಯಾವ ಪಕ್ಷ? ನಿದ್ರೆಯಲ್ಲಿ ಜೀವನು ನಿರ್ಮಲನೆಂಬ ಹೊಳೆನರಸೀಪುರದ ಸಿದ್ಧಾಂತವನ್ನು ನಾವು ಒಪ್ಪುವುದು ಕಷ್ಟ. ಆಣವಮಲವು ನಿದ್ರೆಯಿಂದ ಹೋಗುವಂತಿದ್ದರೆ ದೀಕ್ಷೆಯೇಕೆ, ಗುರುವೇಕೆ? ಶರಣರು ಬೇಡಿದ್ದು ಮನಸ್ಸು ಕರಗಿದ ಕತ್ತಲೆಯನ್ನಲ್ಲ, ಕಾಯಕದ ನಡುವೆಯೂ ಕೆಡದ ಅರಿವನ್ನು. ಆದರೆ ಎದ್ದವನ ಮಾತನ್ನು ಹಗುರವಾಗಿ ಎಣಿಸಬಾರದು, ಅವನಿಗೆ ಹಾಕುವ ಪ್ರಶ್ನೆಯಲ್ಲಿಯೇ ಎಚ್ಚರದ ಪಕ್ಷಪಾತ ಅಡಗಿರುತ್ತದೆ ಎಂದು ಶರ್ಮರ ಪಕ್ಷವು ತೋರಿಸಿಕೊಟ್ಟದ್ದು ಮತಭೇದವನ್ನು ಮೀರಿದ ಸತ್ಯ. ಅದು ಮೂವತ್ತು ವರ್ಷಗಳ ತರುವಾಯ ಅಮೆರಿಕದ ಪ್ರಯೋಗಾಲಯದಲ್ಲಿ ಮತ್ತೊಂದು ರೂಪದಿಂದ ಸಿದ್ಧವಾಯಿತು.

1953ರಲ್ಲಿ ಶಿಕಾಗೋ ನಗರದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಎಂಬವರು, ನಿದ್ರಿಸುವವನ ಕಣ್ಣುಗುಡ್ಡೆಗಳು ರಾತ್ರಿಯಲ್ಲಿ ಕೆಲವು ಹೊತ್ತು ರೆಪ್ಪೆಗಳ ಒಳಗೆ ವೇಗವಾಗಿ ಚಲಿಸುತ್ತವೆಂದು ಪ್ರಕಟಿಸಿದರು. ಇಂತಹ ಕಾಲವು ಸುಮಾರು ತೊಂಬತ್ತು ನಿಮಿಷಗಳಿಗೊಮ್ಮೆ ಮರಳುತ್ತದೆ; ರಾತ್ರಿಯ ಮೊದಲ ಭಾಗದಲ್ಲಿ ಮಂದವಾದ ದೊಡ್ಡ ಅಲೆಗಳ ಗಾಢನಿದ್ರೆ ಹೆಚ್ಚು, ಕಡೆಯ ಭಾಗದಲ್ಲಿ ಈ ಚಂಚಲನೇತ್ರದ ನಿದ್ರೆ ಹೆಚ್ಚು. ವಿದ್ಯಾರ್ಥಿನಿಲಯಗಳಲ್ಲಿ ನಸುಕಿನ ಪ್ರಾರ್ಥನೆಯ ಗಂಟೆಗೆ ಎದ್ದ ನಮ್ಮ ಹಳೆಯ ವಿದ್ಯಾರ್ಥಿಗಳು, ಒಳ್ಳೆಯ ಕನಸಿನ ಮಧ್ಯದಲ್ಲಿಯೇ ಗಂಟೆ ಬಾರಿಸುತ್ತಿತ್ತೆಂದು ದೂರುವುದುಂಟು. ಗಂಟೆಯ ತಪ್ಪೇನೂ ಇಲ್ಲ. ಆ ಹೊತ್ತೇ ಅಂತಹುದು.

1957ರಲ್ಲಿ ಡಿಮೆಂಟ್ ಮತ್ತು ಕ್ಲೈಟ್‌ಮನ್ನರು ನಿದ್ರಿಸುವವರನ್ನು ಎಬ್ಬಿಸಿ, ಕನಸು ಕಾಣುತ್ತಿದ್ದೆಯಾ ಎಂದು ವಿಚಾರಿಸಿದರು. ಕಣ್ಣುಗಳು ಚಲಿಸುತ್ತಿದ್ದಾಗ ಎಬ್ಬಿಸಿದರೆ ನೂರಕ್ಕೆ 80 ಸಲ ಹೌದೆಂಬ ಉತ್ತರ. ಉಳಿದ ನಿದ್ರೆಯಿಂದ ಎಬ್ಬಿಸಿದರೆ ನೂರಕ್ಕೆ 7 ಸಲ ಮಾತ್ರ. ಕನಸಿಗೂ ಗಾಢನಿದ್ರೆಗೂ ಗಡಿ ಸಿಕ್ಕಿತೆಂದು ಲೋಕವು ಸಂಭ್ರಮಿಸಿತು. ಆದರೆ 1962ರಲ್ಲಿ ಡೇವಿಡ್ ಫೋಕ್ಸ್ ಎಂಬ ಸಂಶೋಧಕನು ಪ್ರಶ್ನೆಯನ್ನು ಬದಲಿಸಿದನು. ಕನಸು ಕಂಡೆಯಾ ಎಂದು ಕೇಳದೆ, ಎಬ್ಬಿಸುವ ಮುನ್ನ ನಿನ್ನ ಮನಸ್ಸಿನಲ್ಲಿ ಏನು ನಡೆಯುತ್ತಿತ್ತು ಎಂದು ಕೇಳಿದನು. ಕಣ್ಣು ಚಲಿಸದ ನಿದ್ರೆಯಿಂದ ಎದ್ದವರಲ್ಲಿಯೂ ಅರ್ಧಕ್ಕಿಂತ ಹೆಚ್ಚು ಸಲ ಏನಾದರೊಂದು ಉತ್ತರವು ದೊರಕಿತು. ನಿದ್ರೆ ಅದೇ, ಯಂತ್ರ ಅದೇ; ಪ್ರಶ್ನೆಯೊಂದು ಬದಲಾಯಿತು.

ಕನ್ನಡ ನಾಡಿನಲ್ಲಿ ಯಂತ್ರವೂ ಧ್ಯಾನಿಯೂ ಒಂದೆಡೆ ಸೇರಿದುದು ಬೆಂಗಳೂರಿನಲ್ಲಿ. ಸಂಸ್ಥಾನದ ಮಾನಸಿಕ ಆಸ್ಪತ್ರೆಯ ಜೊತೆಗೆ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಏರ್ಪಟ್ಟು, ಎಂ. ವಿ. ಗೋವಿಂದಸ್ವಾಮಿಯವರು ಅದರ ಮೊದಲ ನಿರ್ದೇಶಕರಾದರು. 1974ರಲ್ಲಿ ಎರಡೂ ಕೂಡಿ ನಿಮ್ಹಾನ್ಸ್ ಆಯಿತು. ಅಲ್ಲಿನ ನರಶರೀರಕ್ರಿಯಾ ವಿಭಾಗದಲ್ಲಿ ಟಿ. ದೇಸಿರಾಜು ಅವರು ಯೋಗ ಮತ್ತು ಪ್ರಜ್ಞೆಯ ವಿಷಯವಾಗಿ ಸಂಶೋಧನೆಯನ್ನು ಬೆಳೆಸಿದರು. ಶರ್ಲಿ ಟೆಲ್ಲಿಸ್ ಅವರೂ ಸಂಗಡಿಗರೂ ಓಂಕಾರ ಧ್ಯಾನದ ಕಾಲದಲ್ಲಿ ದೇಹದಲ್ಲಾಗುವ ವ್ಯತ್ಯಾಸಗಳನ್ನು ಅಳೆದು 1995ರಲ್ಲಿ ಪ್ರಕಟಿಸಿದರು. ಮುಂದೆ ಬಿಂದು ಎಂ. ಕುಟ್ಟಿಯವರ ತಂಡವು ಧ್ಯಾನಿಗಳನ್ನು ಪ್ರಯೋಗಾಲಯದಲ್ಲಿ ಇಡೀ ರಾತ್ರಿ ಮಲಗಿಸಿ ಅವರ ನಿದ್ರೆಯನ್ನೇ ದಾಖಲಿಸಿತು. ಮಂದ ಅಲೆಗಳ ಗಾಢನಿದ್ರೆಯು ವಯಸ್ಸಾದಂತೆ ಕಡಮೆಯಾಗುವುದು ಲೋಕನಿಯಮ. ಬಹುಕಾಲ ವಿಪಶ್ಯನ ಧ್ಯಾನವನ್ನು ಅಭ್ಯಸಿಸಿದ ನಡುವಯಸ್ಕರಲ್ಲಿ ಅದು ಅಭ್ಯಾಸವಿಲ್ಲದವರಿಗಿಂತ ಚೆನ್ನಾಗಿ ಉಳಿದಿತ್ತೆಂದು 2006 ಮತ್ತು 2010ರಲ್ಲಿ ಆ ತಂಡದ ಲೇಖನಗಳು ತಿಳಿಸಿದವು.

ಈ ಫಲಿತಾಂಶವನ್ನು ಕೇಳಿದೊಡನೆ, ನಮ್ಮ ಋಷಿಗಳ ಮಾತನ್ನು ವಿಜ್ಞಾನವು ರುಜುವಾತುಪಡಿಸಿತೆಂದು ವೇದಿಕೆಗಳಲ್ಲಿ ಘೋಷಿಸುವವರು ಇದ್ದಾರೆ. ಅದು ಸಾಧುವಲ್ಲ. ಧ್ಯಾನಿಯ ನಿದ್ರೆಯು ಗಾಢವಾಗಿ ಉಳಿಯಿತೆಂಬುದು ಒಂದು ಸಂಗತಿ. ಆ ನಿದ್ರೆಯಲ್ಲಿ ಸಾಕ್ಷಿಯೊಂದು ಎಚ್ಚತ್ತಿತ್ತೆಂಬುದು ಬೇರೆಯೇ ಸಂಗತಿ. ಮೊದಲನೆಯದು ತಲೆಗೆ ಅಂಟಿಸಿದ ತಂತಿಗಳಿಂದ ತಿಳಿಯಿತು. ಎರಡನೆಯದನ್ನು ತಂತಿಯು ಹೇಳಲಾರದು. ಧ್ಯಾನಕ್ಕೆ ಒಲಿದವರ ಆಹಾರ, ದಿನಚರಿ, ಸ್ವಭಾವಗಳು ಮೊದಲೇ ಬೇರೆಯಾಗಿರಬಹುದೆಂಬುದನ್ನೂ ಲಕ್ಷಿಸಬೇಕು. ನಿದ್ರೆಗೆಡುವುದೇ ತಪಸ್ಸೆಂದು ನಂಬಿದ ಕೆಲವು ಭಕ್ತರಿಗೆ ಮಾತ್ರ ಈ ಅಧ್ಯಯನದಲ್ಲಿ ಒಂದು ನೇರವಾದ ಉತ್ತರವಿದೆ: ಅಲ್ಲಿ ಪರೀಕ್ಷೆಗೆ ಒಳಗಾದ ಸಾಧಕರು ಚೆನ್ನಾಗಿಯೇ ಮಲಗಿದರು. ಅತಿಯಾಗಿ ಮಲಗುವವನಿಗೂ ಅತಿಯಾಗಿ ಎಚ್ಚರವಿರುವವನಿಗೂ ಯೋಗವಿಲ್ಲವೆಂಬುದು ಗೀತೆಯ ಮತವೂ ಹೌದು. ಶಿವರಾತ್ರಿಯ ಜಾಗರಣೆ ಒಂದು ರಾತ್ರಿಯ ವ್ರತ, ವರ್ಷವಿಡೀ ನಡೆಸುವ ಪಂಥವಲ್ಲ.

ಮೈಸೂರಿನವರು 1929ರಲ್ಲಿ ಹಿಡಿದ ಪ್ರಶ್ನೆಯು ಇತ್ತೀಚೆಗೆ ಪಶ್ಚಿಮದಲ್ಲಿಯೂ ಹೊಸದಾಗಿ ಎದ್ದಿದೆ. 2016ರಲ್ಲಿ ಜೆನಿಫರ್ ವಿಂಟ್, ಟೋರೆ ನೀಲ್ಸನ್, ಇವಾನ್ ಥಾಂಪ್ಸನ್ ಎಂಬ ಮೂವರು, ಕನಸಿಲ್ಲದ ನಿದ್ರೆಯಲ್ಲಿ ಪ್ರಜ್ಞೆಯು ನಿಜವಾಗಿಯೂ ಅಳಿಯುತ್ತದೆಯೇ ಎಂದು ಕೇಳುವ ಲೇಖನವನ್ನು ಪ್ರಕಟಿಸಿದರು. ಅವರಲ್ಲಿ ಥಾಂಪ್ಸನ್ನರು ನೈಯಾಯಿಕರ ಮತ್ತು ಅದ್ವೈತಿಗಳ ಹಳೆಯ ವಾದವನ್ನು ಓದಿಯೇ ಈ ವಿಚಾರಕ್ಕೆ ಇಳಿದವರು. 2017ರಲ್ಲಿ ಫ್ರಾನ್ಸೆಸ್ಕಾ ಸಿಕ್ಲಾರಿ ಮತ್ತು ಸಂಗಡಿಗರು ಮಲಗಿದವರನ್ನು ರಾತ್ರಿಯಲ್ಲಿ ಹಲವು ಬಾರಿ ಎಬ್ಬಿಸಿ ಉತ್ತರಗಳನ್ನು ಸಂಗ್ರಹಿಸುವಾಗ ಎರಡು ಕಟ್ಟುಗಳನ್ನಲ್ಲ, ಮೂರನ್ನು ಮಾಡಬೇಕಾಯಿತು. ಕೆಲವರು ಕಂಡುದನ್ನು ಹೇಳಿದರು. ಕೆಲವರು ಏನೂ ಇರಲಿಲ್ಲವೆಂದರು. ಇನ್ನು ಕೆಲವರು, ಅನುಭವವೇನೋ ಇತ್ತು, ಅದು ಏನೆಂದು ಮಾತ್ರ ಹೇಳಲು ಬಾರದು ಎಂದರು. ಆ ಮೂರನೆಯ ಕಟ್ಟಿನ ಉತ್ತರಗಳನ್ನು ಮಂದ ಅಲೆಗಳ ನಿದ್ರೆಯಿಂದ ಎದ್ದವರೂ ಕೊಟ್ಟಿದ್ದರು.